ಅಪ್ಪನ ಪಹಣಿಯಲ್ಲಿ ನಾಲ್ಕು ಹೆಸರು

ಅಪ್ಪ ತೀರಿಕೊಂಡದ್ದು 2024ರ ಆಟಿ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟ್ ಹೊತ್ತಿಗೆ. ಮಂಗಳೂರಿನ ಆಸ್ಪತ್ರೆಯಲ್ಲಿ ಹನ್ನೆರಡು ದಿನ ಇದ್ದರು. ಊರಿಗೆ ಕರೆದುಕೊಂಡು ಬರುವಾಗ ಹೆದ್ದಾರಿಯ ಉದ್ದಕ್ಕೂ ಮಳೆ. ಬೊಜ್ಜದ (ಉತ್ತರಕ್ರಿಯೆಯ) ಊಟ ಮುಗಿದು ನೆಂಟರೆಲ್ಲ ಹೊರಟ ಮೇಲೆ, ಮುಂಬೈಯಿಂದ ಬಂದಿದ್ದ ಸೋದರಮಾವ ಚಾವಡಿಯಲ್ಲಿ ಕೂತು ಅಮ್ಮನಿಗೆ ಹೇಳಿದರು, "ಇನ್ನು ಕೋರ್ಟಿನಿಂದ ಪ್ರೊಬೇಟ್ ಮಾಡಿಸಬೇಕು. ಅದಾಗದೆ ಒಂದು ಕಾಗದವೂ ಅಲ್ಲಾಡುವುದಿಲ್ಲ. ವರ್ಷಗಟ್ಟಲೆ ಹಿಡಿಯುತ್ತದೆ." ಅಮ್ಮ ನನ್ನ ಮುಖ ನೋಡಿದರು. ಕೋರ್ಟಿನ ಮೆಟ್ಟಿಲು ಹತ್ತಿ ಗೊತ್ತಿಲ್ಲದ ಮನೆ ನಮ್ಮದು.

ಮಾವ ಸುಳ್ಳು ಹೇಳಿದ್ದಲ್ಲ. ಅವರ ಹೆಂಡತಿಯ ಅಪ್ಪ ಮಾಟುಂಗದ ಫ್ಲಾಟಿಗೆ ವೀಲು ಬರೆದಿಟ್ಟು ಹೋಗಿದ್ದರು, ಅದರ ಪ್ರೊಬೇಟಿಗೆ ಓಡಾಡಿ ಆ ಮನೆಯವರಿಗೆ ಸಾಕಾಗಿ ಹೋಗಿತ್ತು. ಅವರಿಗೆ ಗೊತ್ತಿದ್ದದ್ದನ್ನು ಅವರು ಹೇಳಿದರು. ಆದರೆ ಅದು ನಮಗೆ ಅನ್ವಯ ಆಗುವುದಿಲ್ಲ ಎಂದು ತಿಳಿಯುವ ತನಕ ಎರಡು ವಾರ ಅಮ್ಮನಿಗೆ ಸರಿಯಾಗಿ ನಿದ್ದೆ ಬರಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಅಪ್ಪನದ್ದು ಏನೇನಿತ್ತೋ ಅಷ್ಟೂ ಒಂದೇ ಒಂದು ಸಲ ಕೋರ್ಟಿಗೆ ಹೋಗದೆ ನಮ್ಮ ಹೆಸರಿಗೆ ಬಂತು. ಸುಲಭವಾಗಿ ಬಂತು ಎಂದು ಮಾತ್ರ ಹೇಳುವುದಿಲ್ಲ.

ಮನೆಯ ವಿಷಯ ಮೊದಲು ಹೇಳಬೇಕು. ಅಮ್ಮ ಊರಿನಲ್ಲಿ, ಉಡುಪಿಯಿಂದ ಬಸ್ಸಿನಲ್ಲಿ ಅರ್ಧ ಗಂಟೆ. ಅಣ್ಣ ದುಬೈಯಲ್ಲಿ. ನಾನು ಮಂಗಳೂರಿನಲ್ಲಿ. ನನಗಿಂತ ದೊಡ್ಡವಳು ಅಕ್ಕ, 2019ರಲ್ಲಿ ತೀರಿಹೋದಳು. ಅವಳ ಮಗನಿಗೆ ಅಪ್ಪ ಹೋಗುವಾಗ ಹದಿಮೂರು. ಭಾವ ಮತ್ತು ಅವನು ಕಾರ್ಕಳದಲ್ಲಿ ಇದ್ದಾರೆ. ಅಪ್ಪ ಪ್ರೈಮರಿ ಶಾಲೆಯ ಮೇಷ್ಟ್ರು. ಸಂಬಳದಲ್ಲಿ ಉಳಿಸಿ ಕೊಂಡ 38 ಸೆಂಟ್ಸ್ ಜಾಗ, ಅದರಲ್ಲಿ ಹಂಚಿನ ಮನೆ, ತೆಂಗು, ಸ್ವಲ್ಪ ಅಡಿಕೆ, ಎರಡು ಮೂರು ಬ್ಯಾಂಕಿನಲ್ಲಿ ಠೇವಣಿ, ಒಂದು ಎಲ್‌ಐಸಿ, ಒಂದು ಸ್ಕೂಟರ್. ಇಷ್ಟೇ ಆಸ್ತಿ.

ವೀಲು ಇದೆಯಾ ಎಂದು ಕಪಾಟು ಹುಡುಕಿದೆವು. ಸಿಕ್ಕಿದ್ದು 2021ರ ಡೈರಿಯ ಒಂದು ಪುಟ. ನೀಲಿ ಶಾಯಿ, ಬೋರ್ಡಿನ ಮೇಲೆ ಬರೆಯುತ್ತಿದ್ದಂಥದ್ದೇ ದುಂಡಗಿನ ಅಕ್ಷರ. "ಮನೆ, ತೋಟ ಎಲ್ಲ ಅವಳಿಗೆ. ಮಕ್ಕಳು ಜಗಳ ಮಾಡಬಾರದು." ಕೆಳಗೆ ಸಹಿ, ತಾರೀಕು. "ಅವಳಿಗೆ" ಅಂದರೆ ಅಮ್ಮನಿಗೆ, ಹೆಸರು ಕೂಡ ಬರೆದಿಲ್ಲ. ಆ ಪುಟ ಹಿಡಿದುಕೊಂಡು ಉಡುಪಿಯಲ್ಲಿ ಅಪ್ಪನ ಹಳೆಯ ವಿದ್ಯಾರ್ಥಿಯೊಬ್ಬರು ವಕೀಲರಿದ್ದಾರೆ, ಅವರ ಹತ್ತಿರ ಹೋದೆವು. ಅವರು ಕನ್ನಡಕ ಹಾಕಿ ಎರಡು ಸಲ ಓದಿದರು. ಆಮೇಲೆ ಹೇಳಿದರು, "ಇಬ್ಬರು ಸಾಕ್ಷಿಗಳ ಸಹಿ ಇದ್ದಿದ್ದರೆ ಇದೇ ವೀಲು. ಸ್ಟ್ಯಾಂಪ್ ಪೇಪರ್ ಬೇಡ, ರಿಜಿಸ್ಟ್ರೇಶನ್ ಕೂಡ ಕಡ್ಡಾಯ ಅಲ್ಲ. ಸಾಕ್ಷಿ ಇಲ್ಲ, ಹಾಗಾಗಿ ಕಾನೂನಿನ ಲೆಕ್ಕದಲ್ಲಿ ಮೇಷ್ಟ್ರು ವೀಲು ಬರೆದಿಲ್ಲ."

ವೀಲೇ ಇಲ್ಲದ ಮೇಲೆ ಪ್ರೊಬೇಟ್ ಎಲ್ಲಿಂದ? ಪ್ರೊಬೇಟ್ ಅಂದರೆ ವೀಲು ಅಸಲಿ ಎಂದು ಕೋರ್ಟು ಕೊಡುವ ದೃಢೀಕರಣ, ಅಷ್ಟೇ. ಇನ್ನು, ವೀಲು ಇದ್ದಿದ್ದರೂ ನಮಗೆ ಅದು ಕಡ್ಡಾಯ ಆಗುತ್ತಿರಲಿಲ್ಲ ಎಂದು ಅವರು ಬಿಡಿಸಿ ಹೇಳಿದರು. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 213ನೇ ಕಲಮು ಹಿಂದೂಗಳ ವೀಲಿಗೆ ಪ್ರೊಬೇಟ್ ಬೇಕು ಎಂದದ್ದು ಹಳೆಯ ಬಂಗಾಳ ಪ್ರಾಂತಕ್ಕೆ ಮತ್ತು ಮುಂಬೈ, ಮದ್ರಾಸ್ ನಗರಗಳಿಗೆ. ಅಲ್ಲಿ ಬರೆದ ವೀಲು, ಇಲ್ಲವೇ ಅಲ್ಲಿರುವ ಮನೆ ಜಾಗ. ನಮ್ಮ ಜಿಲ್ಲೆ ಆಗ ಮದ್ರಾಸ್ ಪ್ರಾಂತದಲ್ಲೇ ಇತ್ತು, ಆದರೆ ನಿಯಮ ಇದ್ದದ್ದು ಮದ್ರಾಸ್ ಪಟ್ಟಣಕ್ಕೆ ಮಾತ್ರ. ಮಂಗಳೂರಿನ ನನ್ನ ಕ್ರಿಶ್ಚಿಯನ್ ಗೆಳತಿಯ ಮನೆಯಲ್ಲೂ ಇದೇ ಭಯ ಇತ್ತು, ಅವರಿಗೆ 2002ರಲ್ಲೇ ಈ ಕಡ್ಡಾಯದಿಂದ ವಿನಾಯಿತಿ ಸಿಕ್ಕಿದೆ. ಕೊನೆಗೆ 2025ರ ಡಿಸೆಂಬರಿನಲ್ಲಿ ಸಂಸತ್ತು ಆ 213ನೇ ಕಲಮನ್ನೇ ತೆಗೆದುಹಾಕಿತು. ಮಾವನಿಗೆ ನಾನೇ ಫೋನ್ ಮಾಡಿ ಹೇಳಿದೆ.

ಹಾಗಾದರೆ ಆಸ್ತಿ ಯಾರಿಗೆ? 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಹೇಳಿದವರಿಗೆ. ಅಪ್ಪ ಸ್ವಂತ ದುಡಿದು ಕೊಂಡದ್ದು, ವೀಲಿಲ್ಲ. ಹೆಂಡತಿಗೆ ಒಂದು ಪಾಲು, ಮಗನಿಗೆ ಒಂದು, ಮಗಳಿಗೆ ಒಂದು. ಅಪ್ಪನ ತಾಯಿ ಬದುಕಿದ್ದರೆ ಅವರಿಗೂ ಒಂದು. ತೀರಿಹೋದ ಮಗಳ ಪಾಲು ಅವಳ ಮಕ್ಕಳಿಗೆ. ಅಂದರೆ ನಾಲ್ಕು ಸಮಪಾಲು, ನಾಲ್ಕನೆಯದು ಅಕ್ಕನ ಮಗನದ್ದು. ಹೆಣ್ಣುಮಕ್ಕಳಿಗೆ ಪಾಲು ಬಂದದ್ದು 2005ರ ಮೇಲೆ ಎಂದು ಊರಿನಲ್ಲಿ ಸುಮಾರು ಜನ ಹೇಳುತ್ತಾರೆ. ಅದು ಪಿತ್ರಾರ್ಜಿತ ಆಸ್ತಿಯ ಮಾತು. ಅಪ್ಪನ ಸ್ವಂತ ಗಳಿಕೆಯಲ್ಲಿ ಮಗಳಿಗೆ ಮಗನಷ್ಟೇ ಪಾಲು 1956ರಿಂದಲೇ ಇದೆ. ಇದನ್ನು ನಾನು ಈಗ ಯಾರು ಕೇಳಿದರೂ, ಕೇಳದಿದ್ದರೂ ಹೇಳುತ್ತೇನೆ.

ಇನ್ನು ಕಾಗದದ ಕೆಲಸ. ಮೊದಲ ತಪ್ಪು ನಮ್ಮದೇ. ಮರಣ ಪತ್ರಕ್ಕೆ ಊರಿನ ಪಂಚಾಯತಿಗೆ ಹೋದೆವು. ಸಾವು ಎಲ್ಲಿ ಆಗಿದೆಯೋ ಅಲ್ಲೇ ನೋಂದಣಿ ಆಗುವುದು, ಮನೆ ಎಲ್ಲಿದೆ ಎನ್ನುವುದು ಲೆಕ್ಕಕ್ಕಿಲ್ಲ. ಆಸ್ಪತ್ರೆ ಮಂಗಳೂರಿನದು, ಹಾಗಾಗಿ ಲಾಲ್‌ಬಾಗಿನ ಪಾಲಿಕೆ ಕಚೇರಿ. 21 ದಿನದ ಒಳಗೆ ಆಸ್ಪತ್ರೆಯಿಂದ ಮಾಹಿತಿ ಹೋಗಿತ್ತು, ಆ ತೊಂದರೆ ಇರಲಿಲ್ಲ. ಹತ್ತು ಪ್ರತಿ ತೆಗೆದುಕೊಂಡೆ, ಹತ್ತೂ ಖರ್ಚಾಯಿತು. ತೆಗೆದುಕೊಳ್ಳುವಾಗ ಹೆಸರಿನ ಅಕ್ಷರ ಅಕ್ಷರ ನೋಡಿ ಎಂದು ಹೇಳಬೇಕು, ಯಾಕೆಂದರೆ ನಮ್ಮ ಅರ್ಧ ಕಷ್ಟ ಹೆಸರಿನದ್ದೇ. ಪಹಣಿಯಲ್ಲಿ ಅಪ್ಪನಿಗೆ ಮನೆಯಲ್ಲಿ ಕರೆಯುತ್ತಿದ್ದ ಎರಡಕ್ಷರದ ಹೆಸರು, ಜೊತೆಗೆ ಅವರ ತಾಯಿಯ ಹೆಸರು, ತಾಯಿಯ ಕಡೆಯಿಂದ ವಂಶ ಹಿಡಿಯುವ ನಮ್ಮ ಕಡೆಯ ಅಳಿಯಸಂತಾನದ ಮನೆಗಳಲ್ಲಿ ಹಾಗೇ ಬರೆಸುತ್ತಿದ್ದದ್ದು. ಆಧಾರ್‌ನಲ್ಲಿ ಶಾಲೆಗೆ ಸೇರಿಸುವಾಗ ಇಟ್ಟ ಉದ್ದದ ಹೆಸರು, ಜೊತೆಗೆ ಅವರ ತಂದೆಯ ಹೆಸರು. ಇಬ್ಬರೂ ಒಬ್ಬರೇ ಎಂದು ತೋರಿಸಲು ಅಮ್ಮನ ಅಫಿಡವಿಟ್, ನೋಟರಿ, ಶಾಲೆಯ ಸರ್ವಿಸ್ ಪುಸ್ತಕದ ಮೊದಲ ಪುಟ, ಹಳೆಯ ಕ್ರಯಪತ್ರ ಎಲ್ಲ ಬೇಕಾಯಿತು. ಆ ಕ್ರಯಪತ್ರದಲ್ಲಿ ಪುಣ್ಯಕ್ಕೆ ಬರೆದವರು ಯಾರೋ ಎರಡೂ ಹೆಸರಿನ ನಡುವೆ "ಯಾನೆ" ಎಂದು ಹಾಕಿದ್ದರು. ಆ ಒಂದು "ಯಾನೆ" ನಮ್ಮನ್ನು ಉಳಿಸಿತು.

ಎಲ್ಲಕ್ಕಿಂತ ಮುಖ್ಯವಾದ ಕಾಗದ ವಂಶವೃಕ್ಷ. ನಾಡಕಚೇರಿಯಲ್ಲಿ ಅರ್ಜಿ, ಜೊತೆಗೆ ಮರಣ ಪತ್ರ, ಎಲ್ಲರ ಆಧಾರ್, ರೇಷನ್ ಕಾರ್ಡ್, ಯಾರ್ಯಾರು ವಾರಸುದಾರರು ಎಂದು ಪ್ರಮಾಣ ಮಾಡಿದ ಅಫಿಡವಿಟ್. ಗ್ರಾಮ ಆಡಳಿತಾಧಿಕಾರಿ ಮನೆಗೆ ಬಂದು ನೆರೆಯವರನ್ನು ಕೇಳಿ ಮಹಜರು ಬರೆಯುತ್ತಾರೆ. ಬ್ಯಾಂಕ್, ಪಹಣಿ, ಪಂಚಾಯತಿ, ಎಲ್ಲರೂ ಮೊದಲು ಕೇಳುವುದು ಇದನ್ನೇ. ಕೋರ್ಟು ಮಾಡುವ ಕೆಲಸದ ಬಹುಪಾಲನ್ನು ನಮ್ಮಂಥವರ ಮನೆಯಲ್ಲಿ ಈ ಒಂದು ಹಾಳೆಯೇ ಮಾಡುತ್ತದೆ. ಜಗಳ ಇಲ್ಲದಿದ್ದರೆ ಮಾತ್ರ.

ಇಲ್ಲೇ ಒಂದು ಘಟನೆ ನಡೆಯಿತು. ಅಫಿಡವಿಟ್ ಟೈಪ್ ಮಾಡಿಸಲು ಪೇಟೆಯಲ್ಲಿ ಅರ್ಜಿ ಬರೆದುಕೊಡುವ ಒಬ್ಬರ ಹತ್ತಿರ ಹೋಗಿದ್ದೆ. ಹೆಸರುಗಳನ್ನು ಹೇಳುತ್ತಾ ಹೋದೆ. ಅಕ್ಕನ ಹೆಸರು ಬಂದ ಕೂಡಲೇ ಅವರು ಕೈ ನಿಲ್ಲಿಸಿದರು. "ತೀರಿಹೋಗಿದ್ದಾರಲ್ವಾ? ಬಿಡಿ. ಹಾಕಿದರೆ ಮಗು ಬರ್ತದೆ. ಮಗು ಬಂದರೆ ಮೈನರ್, ಕೋರ್ಟ್ ಪರ್ಮಿಷನ್ ಅದು ಇದು, ಜಾಸ್ತಿ ತಲೆಬಿಸಿ. ಅವರ ಮನೆಯವರು ಕೇಳಿದ್ದಾರಾ? ಇಲ್ಲ ಅಲ್ವಾ?" ಅವರು ಕೆಟ್ಟ ಮನುಷ್ಯರಂತೆ ಹೇಳಿದ್ದಲ್ಲ, ನಮಗೆ ಸಹಾಯ ಮಾಡುವವರ ಹಾಗೆಯೇ ಹೇಳಿದರು. ಅದೇ ನನಗೆ ಹೆದರಿಕೆ ಹುಟ್ಟಿಸಿದ್ದು. ಅಷ್ಟು ಸುಲಭವಾಗಿ, ಒಂದು ಸಾಲು ಟೈಪ್ ಮಾಡದೆ ಇದ್ದರೆ ಸಾಕು, ಒಂದು ಹುಡುಗ ಅವನ ಅಜ್ಜನ ಮನೆಯಿಂದ ಹೊರಗೆ. ಹೀಗೆಯೇ ಎಷ್ಟು ಮನೆಗಳಲ್ಲಿ ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹೆಸರು ಬಿಟ್ಟು ಹೋಗಿರಬಹುದು ಎಂದು ಅನಿಸಿತು.

ನಾನು ಟೈಪ್ ಮಾಡಿಸದೆ ಎದ್ದು ಬಂದೆ. ರಾತ್ರಿ ಅಣ್ಣನಿಗೆ ಫೋನ್ ಮಾಡಿ ಹೇಳಿದೆ. ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ, ಆಮೇಲೆ "ಅವಳು ಬದುಕಿದ್ದರೆ ಅವಳ ಹೆಸರು ಮೊದಲು ಬರೆಯುತ್ತಿದ್ದೆವಲ್ಲ, ಈಗಲೂ ಹಾಗೆಯೇ ಬರೆಸು" ಅಂದ. ವಂಶವೃಕ್ಷದಲ್ಲಿ ಅಕ್ಕನ ಹೆಸರು ಮೊದಲ ಮಗಳು ಎಂದೇ ಬಂದಿದೆ, ಪಕ್ಕದಲ್ಲಿ "ಮೃತ", ಅದರ ಕೆಳಗೆ ಗೆರೆ ಎಳೆದು ಮಗನ ಹೆಸರು. ಸುಳ್ಳು ವಂಶವೃಕ್ಷ ಕೊಟ್ಟರೆ ಅಫಿಡವಿಟ್ ಮಾಡಿದವರ ಮೇಲೆ ಕೇಸಾಗಬಹುದು, ಬಿಟ್ಟುಹೋದವರು ಮುಂದೆ ದಾವೆ ಹಾಕಬಹುದು, ಇದೆಲ್ಲ ವಕೀಲರು ಆಮೇಲೆ ಹೇಳಿದರು. ನಾವು ಹೆಸರು ಸೇರಿಸಿದ್ದು ಅದಕ್ಕಾಗಿ ಅಲ್ಲ.

ಭಾವನ ವಿಷಯ ಬೇರೆ. ವಿಷಯ ತಿಳಿದು ಅವರು ಮುಜುಗರ ಪಟ್ಟರು. "ನಮಗೆ ಏನೂ ಬೇಡ, ಎಲ್ಲಿ ಬೇಕಾದರೂ ಸಹಿ ಹಾಕುತ್ತೇನೆ, ಅತ್ತೆಯ ಹೆಸರಿಗೆ ಮಾಡಿ" ಅಂದರು. ಅಪ್ಪನ ಡೈರಿಯಲ್ಲಿ ಇದ್ದದ್ದೂ ಅದೇ ತಾನೇ. ನಾನು, ಅಣ್ಣ ನಮ್ಮ ಪಾಲನ್ನು ಅಮ್ಮನಿಗೆ ಬಿಟ್ಟುಕೊಟ್ಟು ಖುಲಾಸೆ ಪತ್ರ ಬರೆದುಕೊಡಬಹುದಿತ್ತು, ಮನೆಯವರ ಮಧ್ಯೆ ಆದರೆ ಅದಕ್ಕೆ ಸ್ಟ್ಯಾಂಪ್ ಡ್ಯೂಟಿ ಕೂಡ ಜಾಗದ ಬೆಲೆಯ ಮೇಲೆ ಅಲ್ಲ, ನಿಗದಿ ಮೊತ್ತ. ಆದರೆ ಭಾವ ಮಗನ ಪಾಲನ್ನು ಬಿಟ್ಟುಕೊಡುವ ಹಾಗಿಲ್ಲ. ತಂದೆಯೇ ಆದರೂ ಮೈನರ್ ಮಗುವಿನ ಜಾಗವನ್ನು ಕೋರ್ಟಿನ ಅನುಮತಿ ಇಲ್ಲದೆ ಪರಭಾರೆ ಮಾಡುವಂತಿಲ್ಲ, 1956ರ ಅಪ್ರಾಪ್ತ ಮಕ್ಕಳ ಪೋಷಕತ್ವದ ಕಾಯ್ದೆ ಹಾಗೆ ಹೇಳುತ್ತದೆ. ಪಾಲು ಮಾಡಲು ಹೋದರೂ ಅದೇ ಬಾಗಿಲು.

ಅರ್ಜಿ ಬರೆಯುವವರು ಹೇಳಿದ ತಲೆಬಿಸಿ ಇದೇ. ಆದರೆ ದಾರಿ ಇತ್ತು, ಅವರು ಹೇಳಲಿಲ್ಲ ಅಷ್ಟೇ. ಪಾಲೂ ಬೇಡ, ಖುಲಾಸೆಯೂ ಬೇಡ. ನಾಲ್ವರ ಹೆಸರಿಗೂ ಜಂಟಿಯಾಗಿ ಪೌತಿ ಖಾತೆ ಮಾಡಿಸುವುದು. ಇದರಲ್ಲಿ ಯಾರೂ ಯಾರಿಗೂ ಏನೂ ಬಿಟ್ಟುಕೊಡುವುದಿಲ್ಲ, ಕಾನೂನಿನ ಪ್ರಕಾರ ಆಗಲೇ ಬಂದಿರುವ ಹಕ್ಕನ್ನು ದಾಖಲೆಯಲ್ಲಿ ಬರೆಸುವುದು ಮಾತ್ರ. ಹಾಗಾಗಿ ಕೋರ್ಟೂ ಬೇಡ, ಸಬ್ ರಿಜಿಸ್ಟ್ರಾರ್ ಕಚೇರಿಯೂ ಬೇಡ. ಹುಡುಗನ ಹೆಸರು "ಅಪ್ರಾಪ್ತ" ಎಂದು, ಪೋಷಕ ತಂದೆ ಎಂದು ಭಾವನ ಹೆಸರು.

ಭೂ ಕಂದಾಯ ಕಾಯ್ದೆಯಲ್ಲಿ ವಾರಸಾಗಿ ಹಕ್ಕು ಬಂದರೆ ಮೂರು ತಿಂಗಳೊಳಗೆ ತಿಳಿಸಬೇಕು ಎಂದಿದೆ. ನಾವು ಅರ್ಜಿ ಹಾಕುವಾಗ ಡಿಸೆಂಬರ್ ಆಗಿತ್ತು, ತಡವಾದ್ದರಿಂದ ಹಕ್ಕೇನೂ ಹೋಗುವುದಿಲ್ಲ. ಪಹಣಿಯ 11ನೇ ಕಾಲಮಿನಲ್ಲಿ ಅಪ್ಪ ಎಷ್ಟೋ ವರ್ಷದ ಹಿಂದೆ ತೆಗೆದು ತೀರಿಸಿದ್ದ ಬೆಳೆ ಸಾಲ ಹಾಗೇ ಕೂತಿತ್ತು. ತೀರಿದ ಪತ್ರ ತಂದು ಅದನ್ನೂ ತೆಗೆಸಿದೆವು. ನೋಟೀಸು ಹಚ್ಚಿದರು, ಆಕ್ಷೇಪ ಯಾರದ್ದೂ ಬರಲಿಲ್ಲ. ಮನೆಯ ಖಾತೆ ಪಂಚಾಯತಿಯಲ್ಲಿ ಬೇರೆ ಬದಲಾಯಿಸಬೇಕು, ಪಹಣಿ ಆದರೆ ಅದು ತಾನಾಗಿ ಆಗುವುದಿಲ್ಲ, ಇದು ಸುಮಾರು ಜನರಿಗೆ ಮರೆತು ಹೋಗುತ್ತದೆ.

ಬ್ಯಾಂಕಿನ ಕಥೆ ಹೇಳಲೇಬೇಕು. ಅಪ್ಪನ ಟ್ರಂಕಿನಲ್ಲಿ ರಬ್ಬರ್ ಬ್ಯಾಂಡ್ ಹಾಕಿದ ಹಳೆಯ ಪಾಸ್‌ಬುಕ್ಕುಗಳಿದ್ದವು. ಸಿಂಡಿಕೇಟ್, ಕಾರ್ಪೊರೇಶನ್, ವಿಜಯಾ. ಮೂರೂ ನಮ್ಮ ಕರಾವಳಿಯಲ್ಲೇ ಹುಟ್ಟಿದ್ದು, ಮೂರೂ ಈಗ ಇಲ್ಲ. ವಿಜಯಾ 2019ರಲ್ಲಿ ಬ್ಯಾಂಕ್ ಆಫ್ ಬರೋಡಾಕ್ಕೆ, ಸಿಂಡಿಕೇಟ್ 2020ರಲ್ಲಿ ಕೆನರಾಕ್ಕೆ, ಕಾರ್ಪೊರೇಶನ್ ಅದೇ ದಿನ ಯೂನಿಯನ್ ಬ್ಯಾಂಕಿಗೆ ಸೇರಿದವು. ಎರಡು ಪಾಸ್‌ಬುಕ್ಕಿನ ಖಾತೆ ಅಪ್ಪನೇ ಮುಚ್ಚಿದ್ದರು. ಇನ್ನೊಂದರದ್ದು ಏನಾಯಿತೆಂದು ರಿಸರ್ವ್ ಬ್ಯಾಂಕಿನ ಉದ್ಗಮ್ ಎಂಬ ವೆಬ್‌ಸೈಟಿನಲ್ಲಿ ಹುಡುಕಿದೆ. ಹತ್ತು ವರ್ಷ ಯಾರೂ ಮುಟ್ಟದ ಠೇವಣಿ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗಿರುತ್ತದೆ, ವಾರಸುದಾರರು ಅದೇ ಬ್ಯಾಂಕಿನ ಮೂಲಕ ಯಾವಾಗ ಬೇಕಾದರೂ ಕೇಳಬಹುದು. ಅಪ್ಪನ ಎರಡಕ್ಷರದ ಹೆಸರು ಹಾಕಿದಾಗ ಸಿಕ್ಕಿತು. ದೊಡ್ಡ ದುಡ್ಡಲ್ಲ. ಸ್ಕ್ರೀನಿನ ಮೇಲೆ ಆ ಹೆಸರು ನೋಡಿದಾಗ ಮಾತ್ರ ಕಣ್ಣು ತುಂಬಿ ಬಂತು, ಮನೆಯಲ್ಲಿ ಆ ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ.

ಈಗಿನ ಠೇವಣಿಗಳಲ್ಲಿ ಒಂದಕ್ಕೆ ಅಮ್ಮ ನಾಮಿನಿ. ಮರಣ ಪತ್ರ, ಅಮ್ಮನ ಆಧಾರ್, ಒಂದು ಫಾರಂ. ವಾರದಲ್ಲಿ ಹಣ ಬಂತು. ಎಲ್‌ಐಸಿಯೂ ಹಾಗೆಯೇ. ಇನ್ನೊಂದು ಬ್ಯಾಂಕಿನ ಠೇವಣಿಗೆ ನಾಮಿನಿ ಅಕ್ಕ. ಅವಳಿಗೆ ಮದುವೆಯಾಗುವ ಮೊದಲು ಅಪ್ಪ ಬರೆಸಿದ್ದು, ಅವಳು ಹೋದ ಮೇಲೆ ಬದಲಾಯಿಸಲು ಅವರಿಗೆ ಮನಸ್ಸು ಬಂದಿರಲಿಕ್ಕಿಲ್ಲ. ನಾಮಿನಿ ತೀರಿಹೋದರೆ ನಾಮಿನಿಯೇ ಇಲ್ಲದ ಲೆಕ್ಕ. ಕೌಂಟರಿನಲ್ಲಿದ್ದವರು ಒಂದೇ ಮಾತು ಹೇಳಿದರು, ಕೋರ್ಟಿನಿಂದ ಸಕ್ಸೆಷನ್ ಸರ್ಟಿಫಿಕೇಟ್, ಅಂದರೆ ಹಣಕ್ಕೆ ವಾರಸುದಾರರು ಯಾರು ಎನ್ನುವ ಪತ್ರ, ತನ್ನಿ.

ಒಂದೂವರೆ ತಿಂಗಳು ನಾವು ಅದನ್ನೇ ನಂಬಿ ಕೂತೆವು. ಠೇವಣಿ ಇದ್ದದ್ದು ಮೂರು ಲಕ್ಷ ಚಿಲ್ಲರೆ. ಒಂದು ಮೊತ್ತದ ತನಕ ಕೋರ್ಟಿನ ಕಾಗದ ಕೇಳದೆ, ಎಲ್ಲ ವಾರಸುದಾರರ ಸಹಿ ಮತ್ತು ಮುಂದೆ ತಕರಾರು ಬಂದರೆ ನಷ್ಟ ತುಂಬುತ್ತೇವೆ ಎನ್ನುವ ಇಂಡೆಮ್ನಿಟಿ ಬಾಂಡ್ ತೆಗೆದುಕೊಂಡು ಕೊಡಬೇಕು ಎಂದು ರಿಸರ್ವ್ ಬ್ಯಾಂಕ್ 2005ರಲ್ಲೇ ಹೇಳಿದೆ ಎಂದು ವಕೀಲರಿಂದ ತಿಳಿಯಿತು. ಆಗ ಆ ಮೊತ್ತ ಎಷ್ಟು ಎನ್ನುವುದನ್ನು ಆಯಾ ಬ್ಯಾಂಕೇ ನಿಗದಿ ಮಾಡುತ್ತಿತ್ತು. 2025ರ ಸೆಪ್ಟೆಂಬರಿನ ಹೊಸ ನಿರ್ದೇಶನದಲ್ಲಿ ಕನಿಷ್ಠ ಮಿತಿ ಸಹಕಾರಿ ಬ್ಯಾಂಕುಗಳಿಗೆ 5 ಲಕ್ಷ, ಉಳಿದ ಬ್ಯಾಂಕುಗಳಿಗೆ 15 ಲಕ್ಷ ಎಂದು ಮಾಡಿದ್ದಾರೆ. ಕಾಗದ ಸರಿ ಇದ್ದರೆ 15 ದಿನದಲ್ಲಿ ಇತ್ಯರ್ಥ ಮಾಡಬೇಕು. ನಾನು ಒಂದು ಬಿಳಿ ಹಾಳೆಯಲ್ಲಿ ಬರೆದು ಕೊಟ್ಟೆ, ನಿಮ್ಮ ಬ್ಯಾಂಕಿನ ಮಿತಿ ಎಷ್ಟು, ನಮ್ಮ ಅರ್ಜಿ ಅದರೊಳಗೆ ಬರುತ್ತದಾ ಇಲ್ವಾ, ಲಿಖಿತವಾಗಿ ಉತ್ತರ ಕೊಡಿ ಎಂದು. ಮ್ಯಾನೇಜರ್ ಓದಿ ಒಳಗೆ ಕರೆದು ಕೂರಿಸಿದರು, ಫಾರಂ ಅವರೇ ತೆಗೆದುಕೊಟ್ಟರು. ಬಾಯಲ್ಲಿ ಕೇಳುವುದಕ್ಕೂ ಬರೆದು ಕೇಳುವುದಕ್ಕೂ ಇಷ್ಟು ವ್ಯತ್ಯಾಸ ಇದೆ.

ಅಣ್ಣನ ಸಹಿಗೆ ಮತ್ತೆ ತಡವಾಯಿತು. ಬೊಜ್ಜಕ್ಕೆ ಬಂದವನು ಇಪ್ಪತ್ತು ದಿನ ಇಲ್ಲೇ ಇದ್ದ, ಆಗಲೇ ನೋಟರಿ ಎದುರು ಸಹಿ ಹಾಕಿಸಿ ಇಡಬಹುದಿತ್ತು. ಆ ಹೊತ್ತಿಗೆ ಕಾಗದದ ಮಾತೆತ್ತಲು ಯಾರಿಗೂ ಬಾಯಿ ಬರಲಿಲ್ಲ. ಕೊನೆಗೆ ದುಬೈಯ ಭಾರತೀಯ ಕಾನ್ಸುಲೇಟಿನಲ್ಲಿ ಸಹಿ ಮಾಡಿ ಪವರ್ ಆಫ್ ಅಟಾರ್ನಿ ಕಳಿಸಿದ. ಅದು ಇಲ್ಲಿಗೆ ತಲುಪಿ ಮೂರು ತಿಂಗಳೊಳಗೆ ಇಲ್ಲಿನ ಸ್ಟ್ಯಾಂಪ್ ಆಗಬೇಕು, ನೆನಪಿರಲಿ.

ನಾಮಿನಿ ಅಂದರೆ ಮಾಲೀಕ ಅಲ್ಲ ಎನ್ನುವುದನ್ನು ಅಮ್ಮನಿಗೆ ಹೇಳಲು ನನಗೆ ಕಷ್ಟವಾಗಿತ್ತು. ಬ್ಯಾಂಕಿನ ಠೇವಣಿಯಲ್ಲಿ ನಾಮಿನಿ ಹಣ ತೆಗೆದುಕೊಳ್ಳುವವರು, ಹಕ್ಕು ಎಲ್ಲ ವಾರಸುದಾರರದ್ದು. ಷೇರಿನಲ್ಲೂ ಹಾಗೆಯೇ ಎಂದು ಸುಪ್ರೀಂ ಕೋರ್ಟ್ 2023ರ ಡಿಸೆಂಬರಿನಲ್ಲಿ ಹೇಳಿದೆ. ನನ್ನದು, ಅಣ್ಣನದು ಅಮ್ಮನೇ ಇಟ್ಟುಕೊಳ್ಳಲಿ ಎಂದು ನಾವು ಮೊದಲೇ ಹೇಳಿಯಾಗಿತ್ತು. ಮೊಮ್ಮಗನ ಮಾತು ನಾನು ಎತ್ತುವ ಮೊದಲೇ ಅಮ್ಮ ಕೇಳಿದರು, "ಅವನ ಕಾಲು ಭಾಗ ಎಷ್ಟಾಗ್ತದೆ, ಲೆಕ್ಕ ಹಾಕು." ಎರಡೂ ಠೇವಣಿಯ ಅವನ ಪಾಲು ಈಗ ಅವನದ್ದೇ ಹೆಸರಿನಲ್ಲಿದೆ, ಭಾವ ಪೋಷಕರು.

ಸ್ಕೂಟರ್ ಒಂದು ಉಳಿದಿತ್ತು. ಓಡಿಸುವುದಾದರೆ 30 ದಿನದೊಳಗೆ ಆರ್‌ಟಿಒಗೆ ತಿಳಿಸಿ, ಮೂರು ತಿಂಗಳೊಳಗೆ ಹೆಸರು ಬದಲಾವಣೆಗೆ ಫಾರಂ 31 ಹಾಕಬೇಕು. ನಾವು ಅದನ್ನು ತಡವಾಗಿ ಮಾಡಿದೆವು.

2025ರ ಮಾರ್ಚ್ ಕೊನೆಗೆ ಹೊಸ ಪಹಣಿ ಕೈಗೆ ಬಂತು. ಅಮ್ಮ ಅದನ್ನು ಅಂಗಳದ ಬೆಳಕಿಗೆ ಹಿಡಿದು ಮಾಲೀಕರ ಹೆಸರಿರುವ 9ನೇ ಕಾಲಮು ಹುಡುಕಿದರು. ತಮ್ಮ ಹೆಸರು ಓದಲಿಲ್ಲ, ಬೆರಳು ಕೆಳಗೆ ಜಾರಿಸುತ್ತಾ ಹೋಗಿ ನಾಲ್ಕನೆಯ ಹೆಸರಿನ ಮೇಲೆ ನಿಲ್ಲಿಸಿದರು. ಆ ಹಾಳೆಯನ್ನೂ ಡೈರಿಯ ಪುಟದ ಜೆರಾಕ್ಸನ್ನೂ ಒಂದೇ ಫೈಲಿಗೆ ಹಾಕಿಸಿದರು. ಹುಡುಗನಿಗೆ ಹದಿನೆಂಟು ತುಂಬುವುದು 2029ರಲ್ಲಿ. ಆಮೇಲೆ ಜಾಗದ ವಿಷಯ ಅವನೂ ನಮ್ಮ ಜೊತೆ ಕೂತು ಮಾತಾಡಲಿ, ಅಲ್ಲಿಯ ತನಕ ಯಾರೂ ಏನೂ ಮಾಡುವುದು ಬೇಡ ಎಂದರು ಅಮ್ಮ. ಫೈಲಿನ ಮೇಲೆ ಪೆನ್ಸಿಲಿನಲ್ಲಿ ಆ ವರ್ಷ ಬರೆದು ಟ್ರಂಕಿನಲ್ಲಿ ಇಟ್ಟಿದ್ದಾರೆ.